ಟಿಬಿ ವಂಶದಲ್ಲಿ ಬರುತ್ತಾ? ಜೀನ್ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತಾ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ನಮ್ಮ ತಾತ ಕ್ಷಯದಿಂದ ತೀರಿಕೊಂಡರಂತೆ. ನಾನು ಚಿಕ್ಕವನಿದ್ದಾಗ ದೊಡ್ಡಪ್ಪನಿಗೂ ಬಂದು ವಾಸಿಯಾಗಿತ್ತು. ಈಗ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಅಣ್ಣನಿಗೆ ಟಿಬಿ ಅಂತ ಗೊತ್ತಾಗಿದೆ, ಎರಡು ತಿಂಗಳಿಂದ ಮಾತ್ರೆ ನುಂಗುತ್ತಿದ್ದಾನೆ. ಅವನ ಜೊತೆ ಒಂದೇ ರೂಮಿನಲ್ಲಿದ್ದ ಮೂವರಿಗೆ ಏನೂ ಆಗಿಲ್ಲ. ಹಾಗಾದರೆ ಇದು ನಮ್ಮ ವಂಶದಲ್ಲೇ ಇದೆಯಾ? ತಂಗಿಗೆ ಗಂಡು ನೋಡುತ್ತಿದ್ದೇವೆ, ವಿಷಯ ಗೊತ್ತಾದರೆ ಅವರು ಹಿಂದೆ ಸರಿಯುತ್ತಾರೆ ಅಂತ ಅಮ್ಮನಿಗೆ ಚಿಂತೆ. ಜೀನ್ ಟೆಸ್ಟ್ ಮಾಡಿಸಿದರೆ ನನಗೆ, ತಂಗಿಗೆ ಬರುತ್ತೋ ಇಲ್ವೋ ಗೊತ್ತಾಗುತ್ತಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಗೊತ್ತಾಗುವುದಿಲ್ಲ. ನಿಮಗೋ ತಂಗಿಗೋ ಟಿಬಿ ಬರುತ್ತಾ ಇಲ್ವಾ ಅಂತ ಹೇಳುವ ಜೀನ್ ಟೆಸ್ಟ್ ಇವತ್ತಿಗೆ ಇಲ್ಲ. ಎಂಜಲು ಕಳಿಸಿ, ನೂರಾರು ಕಾಯಿಲೆಗಳ ಭವಿಷ್ಯ ಹೇಳುತ್ತೇವೆ ಅನ್ನುವ ಜಾಹೀರಾತುಗಳು ಬರುತ್ತವಲ್ಲ, ಅದರಲ್ಲಿ ಟಿಬಿ ಹೆಸರಿದ್ದರೂ ನಂಬಿ ದುಡ್ಡು ಹಾಕಬೇಡಿ. ಅದೇ ದುಡ್ಡಿಗೆ ಮೊಟ್ಟೆ, ಬೇಳೆ ತಂದರೆ ಟಿಬಿ ತಡೆಯುವ ವಿಷಯದಲ್ಲಿ ಜಾಸ್ತಿ ಪ್ರಯೋಜನ. ತಮಾಷೆಗೆ ಹೇಳುತ್ತಿಲ್ಲ, ಯಾಕೆ ಅಂತ ಮುಂದೆ ಬರುತ್ತದೆ.

ಹಾಗಂತ ಜೀನ್‌ಗೂ ಟಿಬಿಗೂ ಸಂಬಂಧವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಂಬಂಧ ಇದೆ, ಅದಕ್ಕೆ ಒಳ್ಳೆಯ ಪುರಾವೆಗಳೂ ಇವೆ. ಆದರೆ ಆ ಸಂಬಂಧ ನಿಮ್ಮ ಅಮ್ಮ ಹೆದರಿಕೊಂಡಿರುವ ರೀತಿಯದ್ದಲ್ಲ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಅಮ್ಮನಿಗೂ ಓದಿ ಹೇಳಿ.

ಟಿಬಿ ಗಾಳಿಯಲ್ಲಿ ಹರಡುವ ರೋಗ. ಅದನ್ನು ತರುವ ಬ್ಯಾಕ್ಟೀರಿಯಾವನ್ನು ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಜಗತ್ತಿಗೆ ತೋರಿಸಿದ. ಅಲ್ಲಿಯವರೆಗೆ ಯೂರೋಪಿನಲ್ಲೂ ಬಹಳಷ್ಟು ಡಾಕ್ಟರುಗಳು ಇದನ್ನು ವಂಶದ ಕಾಯಿಲೆ ಅಂತಲೇ ತಿಳಿದಿದ್ದರು. ಒಂದು ಮನೆಯಲ್ಲಿ ಅಪ್ಪ, ಮಗಳು, ತಮ್ಮ ಅಂತ ಒಬ್ಬರ ಹಿಂದೆ ಒಬ್ಬರು ಹೋಗುತ್ತಿದ್ದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ, ಅಲ್ವಾ? ಕಾಕ್ ತೋರಿಸಿದ ಮೇಲೆ ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಸೋಂಕು ಅನ್ನುವುದು ಇತ್ಯರ್ಥವಾಯಿತು. ಕೆಮ್ಮಿದಾಗ ಹೊರಬೀಳುವ ಸಣ್ಣ ಹನಿಗಳಲ್ಲಿ ರೋಗಾಣು ಇರುತ್ತದೆ, ಅದೇ ಗಾಳಿ ಉಸಿರಾಡಿದವರ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಪ್ಪನಿಂದ ಮಗನಿಗೆ ಜೀನ್ ಮೂಲಕ ಟಿಬಿ ಬರುವುದಿಲ್ಲ. ಬಂದರೆ ಒಂದೇ ಕೋಣೆಯಲ್ಲಿ ಮಲಗಿದ್ದರಿಂದ ಬರುತ್ತದೆ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು, ಯಾಕೆಂದರೆ ನಿಮ್ಮ ಅಣ್ಣನ ರೂಮಿನವರ ವಿಷಯ ಇದರಲ್ಲೇ ಇದೆ. ರೋಗಾಣು ಒಳಗೆ ಹೋಗುವುದು ಬೇರೆ, ಕಾಯಿಲೆ ಬೀಳುವುದು ಬೇರೆ. ಜಗತ್ತಿನ ಜನರಲ್ಲಿ ಸುಮಾರು ಕಾಲು ಭಾಗಕ್ಕೆ ಈ ಸೋಂಕು ಯಾವಾಗಲೋ ತಗುಲಿದೆ ಅಂತ ಅಂದಾಜು. ಹೀಗೆ ತಗುಲಿದವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ಶೇಕಡಾ 5ರಿಂದ 10 ಮಾತ್ರ. ಉಳಿದವರ ದೇಹ ಅದನ್ನು ಕೊಂದು ಹಾಕಿರುತ್ತದೆ ಅಥವಾ ಅಲುಗಾಡದಂತೆ ಒಂದು ಮೂಲೆಯಲ್ಲಿ ಕೂಡಿಹಾಕಿರುತ್ತದೆ. ಹಾಗಾಗಿ ಆ ಮೂವರಿಗೆ 'ಏನೂ ಆಗಿಲ್ಲ' ಅನ್ನುವ ಮಾತಿಗೆ ಮೂರು ಅರ್ಥ ಇರಬಹುದು. ಸೋಂಕೇ ತಗುಲಿಲ್ಲ. ತಗುಲಿದೆ, ಆದರೆ ಸುಮ್ಮನಿದೆ. ಅಥವಾ ಕಾಯಿಲೆ ಶುರುವಾಗಿದೆ, ಇನ್ನೂ ಕಾಣುತ್ತಿಲ್ಲ. ಎಕ್ಸ್‌ರೇ, ಚರ್ಮದ ಪರೀಕ್ಷೆ ಮಾಡದೆ ಇದರಲ್ಲಿ ಯಾವುದು ಅಂತ ಯಾರೂ ಹೇಳಲಾಗದು. ಅವರನ್ನು ಯಾರಾದರೂ ಪರೀಕ್ಷೆಗೆ ಕರೆದುಕೊಂಡು ಹೋದರಾ? ಇಲ್ಲದಿದ್ದರೆ ಇವತ್ತೇ ಅಣ್ಣನಿಗೆ ಫೋನ್ ಮಾಡಿ ಹೇಳಿ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಹತ್ತು ಜನರಿಗೆ ಸೋಂಕು ತಗುಲಿದರೆ ಒಬ್ಬನೇ ಯಾಕೆ ಬೀಳುತ್ತಾನೆ?

ಇದರ ಬಗ್ಗೆ ಯೋಚಿಸುವಾಗ ವೈದ್ಯರು ಯಾವಾಗಲೂ ನೆನೆಯುವ ಒಂದು ಕೆಟ್ಟ ಘಟನೆ ಇದೆ. ಜರ್ಮನಿಯ ಲ್ಯೂಬೆಕ್ ಊರಿನಲ್ಲಿ 1929-30ರಲ್ಲಿ ಸುಮಾರು 250 ಹಸುಗೂಸುಗಳಿಗೆ ಟಿಬಿ ತಡೆಯುವ ಬಿಸಿಜಿ ಲಸಿಕೆಯನ್ನು ಬಾಯಿಯ ಮೂಲಕ ಕೊಟ್ಟರು. ಆಗ ಅದನ್ನು ಹಾಗೆಯೇ ಕೊಡುತ್ತಿದ್ದರು. ಲಸಿಕೆ ತಯಾರಿಸುವಾಗ ಲ್ಯಾಬಿನಲ್ಲಿ ನಿಜವಾದ ಟಿಬಿ ರೋಗಾಣು ಅದರೊಳಗೆ ಸೇರಿಬಿಟ್ಟಿತ್ತು. 70ಕ್ಕೂ ಹೆಚ್ಚು ಮಕ್ಕಳು ಸತ್ತರು. ಬಹಳ ಮಕ್ಕಳು ಕಾಯಿಲೆ ಬಿದ್ದು ಎದ್ದರು. ಇನ್ನು ಕೆಲವು ಮಕ್ಕಳಿಗೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಎಲ್ಲರದ್ದೂ ಒಂದೇ ವಯಸ್ಸು, ಒಂದೇ ಊರು, ಒಳಗೆ ಹೋದದ್ದೂ ಅದೇ ರೋಗಾಣು. ಹಾಗಿದ್ದೂ ಇಷ್ಟು ವ್ಯತ್ಯಾಸ. ಹುಟ್ಟಿನಿಂದಲೇ ಕೆಲವರ ದೇಹ ಇದನ್ನು ಎದುರಿಸುವುದರಲ್ಲಿ ಗಟ್ಟಿ, ಕೆಲವರದ್ದು ಸಡಿಲ ಅನ್ನುವುದಕ್ಕೆ ಇದನ್ನು ಸಾಕ್ಷಿಯಾಗಿ ಕೊಡುತ್ತಾರೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಲಸಿಕೆಯ ಒಂದೊಂದು ಬ್ಯಾಚಿನಲ್ಲಿ ರೋಗಾಣು ಬೆರೆತ ಪ್ರಮಾಣ ಬೇರೆ ಬೇರೆ ಇತ್ತು, ಹಾಗಾಗಿ ಎಲ್ಲಾ ಮಕ್ಕಳಿಗೂ ಸಮನಾದ ಡೋಸ್ ಹೋಗಿರಲಿಲ್ಲ. ಆದರೂ ಅಷ್ಟೂ ವ್ಯತ್ಯಾಸವನ್ನು ಡೋಸ್ ಮೇಲೆ ಹಾಕಿ ಕೈತೊಳೆದುಕೊಳ್ಳುವುದೂ ಕಷ್ಟ.

ಇದಕ್ಕಿಂತ ಗಟ್ಟಿ ಪುರಾವೆ ಅವಳಿಗಳದ್ದು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನ್ ಪೂರ್ತಿ ಒಂದೇ. ಎರಡು ಅಂಡದ ಅವಳಿಗಳು ಸಾಧಾರಣ ಅಣ್ಣತಮ್ಮಂದಿರ ಹಾಗೆ, ಅರ್ಧದಷ್ಟು ಜೀನ್ ಹಂಚಿಕೊಂಡಿರುತ್ತಾರೆ. ಇಂಗ್ಲೆಂಡಿನ ಪ್ರಾಫಿಟ್ ಸರ್ವೆ ಅನ್ನುವ ಟಿಬಿ ಅಧ್ಯಯನದಲ್ಲಿ ಸಿಕ್ಕ ಅವಳಿಗಳ ಲೆಕ್ಕವನ್ನು 1978ರಲ್ಲಿ ಮತ್ತೆ ಹಾಕಿ ನೋಡಿದರು. ಒಬ್ಬರಿಗೆ ಟಿಬಿ ಇದ್ದರೆ ಇನ್ನೊಬ್ಬರಿಗೂ ಬಂದಿದ್ದು ಒಂದೇ ಅಂಡದವರಲ್ಲಿ ಸುಮಾರು ಶೇಕಡಾ 31, ಎರಡು ಅಂಡದವರಲ್ಲಿ ಸುಮಾರು 15. ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಜೀನ್ ಪಾತ್ರ ಇದೆ ಅಂತ ಇದರಿಂದ ತಿಳಿಯುತ್ತದೆ. ಆದರೆ ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದ ನೋಡಿ. ಜೀನ್ ನಕಲು ತೆಗೆದ ಹಾಗೆ ಒಂದೇ ಇದ್ದರೂ ಮೂವರಲ್ಲಿ ಇಬ್ಬರಿಗೆ ಬರಲಿಲ್ಲ. 2007ರಲ್ಲಿ ಬೇರೆಯವರು ಇದೇ ಮಾಹಿತಿಯನ್ನು ಮತ್ತೊಮ್ಮೆ ಅಗೆದು, ಅವಳಿಗಳು ಎಷ್ಟು ಹತ್ತಿರ ಬದುಕುತ್ತಿದ್ದರು, ಮನೆಯ ರೋಗಿಯ ಜೊತೆ ಎಷ್ಟು ಒಡನಾಟ ಇತ್ತು ಅನ್ನುವುದನ್ನೆಲ್ಲ ಲೆಕ್ಕಕ್ಕೆ ತಗೊಂಡು, ಜೀನ್‌ಗಿಂತ ಪರಿಸರದ ಕೈವಾಡವೇ ದೊಡ್ಡದು ಅಂತ ಹೇಳಿದರು. ಒಂದೇ ಅಂಡದ ಅವಳಿಗಳು ಜಾಸ್ತಿ ಹೊತ್ತು ಒಟ್ಟಿಗೇ ಇರುತ್ತಾರೆ, ಒಂದೇ ಹಾಸಿಗೆ, ಒಂದೇ ಕೆಮ್ಮು. ಇದನ್ನು ಮರೆಯುವ ಹಾಗಿಲ್ಲ.

ಸರಿ, ಯಾವ ಜೀನ್? ಇದಕ್ಕೆ ರೋಗಾಣು ಒಳಗೆ ಹೋದಮೇಲೆ ಏನಾಗುತ್ತದೆ ಅಂತ ಸ್ವಲ್ಪ ಹೇಳಬೇಕು. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಮ್ಯಾಕ್ರೋಫೇಜ್ ಅನ್ನುವ ಕಾವಲು ಕೋಶಗಳಿರುತ್ತವೆ. ಹೊರಗಿನಿಂದ ಬಂದ ಧೂಳು, ಬ್ಯಾಕ್ಟೀರಿಯಾ ಎಲ್ಲವನ್ನೂ ನುಂಗಿ ಅರಗಿಸುವುದು ಅವುಗಳ ಕೆಲಸ. ಟಿಬಿ ರೋಗಾಣುವಿನ ವಿಶೇಷ ಏನೆಂದರೆ ನುಂಗಿಸಿಕೊಳ್ಳುತ್ತದೆ, ಅರಗುವುದಿಲ್ಲ. ಬಾಡಿಗೆಗೆ ಬಂದು ಮನೆ ಬಿಡದೆ ಕೂತವರ ಹಾಗೆ ಆ ಕೋಶದೊಳಗೇ ಸಂಸಾರ ಹೂಡುತ್ತದೆ. ಆಗ ಮ್ಯಾಕ್ರೋಫೇಜ್ ಐಎಲ್-12 ಅನ್ನುವ ರಾಸಾಯನಿಕ ಸಂದೇಶ ಬಿಡುತ್ತದೆ. ಅದನ್ನು ಗ್ರಹಿಸಿದ, ರಕ್ಷಣಾ ಪಡೆಯ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಅನ್ನುವ ಮರುಸಂದೇಶ ಕಳಿಸುತ್ತವೆ. ಅದು ಬಂದು ತಾಗಿದ ಮೇಲೆ ಮ್ಯಾಕ್ರೋಫೇಜ್‌ಗೆ ಒಳಗಿನ ರೋಗಾಣುವನ್ನು ಕೊಲ್ಲುವ ಶಕ್ತಿ ಬರುತ್ತದೆ. ಈ ಹೋಗಿಬರುವ ಸಂದೇಶದಲ್ಲಿ ಎಲ್ಲಾದರೂ ತಂತಿ ಕಡಿದರೆ ಟಿಬಿ ಜಾತಿಯ ರೋಗಾಣುಗಳು ಗೆದ್ದವು ಅಂತಲೇ.

ಹಾಗೆ ತಂತಿ ಕಡಿದ ಮಕ್ಕಳು ನಿಜವಾಗಿ ಇದ್ದಾರೆ. ಮಾಲ್ಟಾ ದ್ವೀಪದ ಒಂದು ಹಳ್ಳಿಯಲ್ಲಿ ಕೆಲವು ಮಕ್ಕಳಿಗೆ, ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡದ, ಮಣ್ಣು ನೀರಿನಲ್ಲಿರುವ ಟಿಬಿಯ ಬಡ ನೆಂಟರಂಥ ಬ್ಯಾಕ್ಟೀರಿಯಾಗಳಿಂದ ಜೀವಕ್ಕೇ ಕುತ್ತು ಬಂತು. 1996ರಲ್ಲಿ ಕಾರಣ ಸಿಕ್ಕಿತು. ಇಂಟರ್‌ಫೆರಾನ್ ಗಾಮಾವನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ನ ಜೀನ್ ಕೆಟ್ಟಿತ್ತು. ಅದೇ ವರ್ಷ ಟುನೀಶಿಯಾ ಮೂಲದ ಒಂದು ಮಗುವಿನಲ್ಲೂ ಇದೇ ಸಿಕ್ಕಿತು, ಆ ಮಗುವಿಗೆ ಬಿಸಿಜಿ ಲಸಿಕೆಯಲ್ಲಿರುವ ದುರ್ಬಲ ರೋಗಾಣುವೇ ಮೈಯೆಲ್ಲಾ ಹರಡಿತ್ತು. ಆಮೇಲೆ ಇಂಥ ಜೀನ್‌ಗಳು ಒಂದಾದ ಮೇಲೆ ಒಂದು ಸಿಗುತ್ತಾ ಹೋದವು, ಐಎಲ್-12ರ ರಿಸೆಪ್ಟರ್‌ನದ್ದು ಅದರಲ್ಲಿ ಹೆಚ್ಚು ಕಾಣುವಂಥದ್ದು.

ಇವು ತೀರಾ ಅಪರೂಪ. ಆದರೆ ನಮ್ಮ ಕಡೆಯವರು ಇದನ್ನು ತಿಳಿದಿರಬೇಕು ಅನ್ನುವುದಕ್ಕೆ ಒಂದು ಕಾರಣ ಇದೆ. ಇವುಗಳಲ್ಲಿ ಬಹುಪಾಲು ತೊಂದರೆ ಕಾಣಿಸಿಕೊಳ್ಳುವುದು ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಅದೇ ಕೆಟ್ಟ ಪ್ರತಿ ಬಂದಾಗ. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾಗುವುದು ಕರ್ನಾಟಕದಲ್ಲಿ ಇವತ್ತಿಗೂ ಕಡಿಮೆಯೇನಲ್ಲ, ಮತ್ತು ಅಂಥ ಕಡೆ ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು. ಸಂಬಂಧದಲ್ಲಿ ಮದುವೆಯಾದ ದಂಪತಿಯ ಮಗುವಿಗೆ ಬಿಸಿಜಿ ಹಾಕಿದ ಮೇಲೆ ಕಂಕುಳಲ್ಲಿ ಗಂಟು ದೊಡ್ಡದಾಗುತ್ತಾ ಹೋಗಿ, ಒಡೆದು ಸೋರಿ, ಬೇರೆ ಕಡೆಯೂ ಗಂಟು ಕಾಣಿಸಿ, ತೂಕ ಇಳಿದು ಜ್ವರ ಬಿಡದೆ ಇದ್ದರೆ, ಅಥವಾ ಹಿಂದೆ ಒಂದು ಮಗು ಹಾಗೆ ತೀರಿಕೊಂಡಿದ್ದರೆ, ಆ ವಿಷಯ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಬೇಕು. ಅಲ್ಲಿ ಜೀನ್ ಟೆಸ್ಟ್‌ಗೆ ನಿಜವಾದ ಬೆಲೆ ಇದೆ, ಚಿಕಿತ್ಸೆಯೇ ಬದಲಾಗುತ್ತದೆ. ಬಿಸಿಜಿ ಹಾಕಿದ ಜಾಗದಲ್ಲಿ ಸಣ್ಣ ಗುಳ್ಳೆಯಾಗಿ ಕಲೆ ಉಳಿಯುವುದು ಮಾತ್ರ ಹೆಚ್ಚಿನವರಿಗೆ ಆಗುತ್ತದೆ, ಅದಕ್ಕೆ ಗಾಬರಿ ಬೇಡ. ನಿಮ್ಮ ತಾತ, ದೊಡ್ಡಪ್ಪ, ಅಣ್ಣ ಮೂವರೂ ಬಾಲ್ಯವನ್ನು ಆರಾಮಾಗಿ ದಾಟಿ ದೊಡ್ಡವರಾದ ಮೇಲೆ ಕಾಯಿಲೆ ಬಿದ್ದವರು. ಇಂಥ ಗಂಭೀರ ದೋಷದ ಗುಂಪಿಗೆ ಅವರು ಸೇರುವ ಹಾಗೆ ಕಾಣುವುದಿಲ್ಲ.

ದೊಡ್ಡವರಲ್ಲಿ ಏನಾದರೂ ಸಿಕ್ಕಿದೆಯಾ ಅಂದರೆ, ಸಿಕ್ಕಿದೆ, ಮತ್ತು ಅದರ ಕತೆ ಸ್ವಾರಸ್ಯವಾಗಿದೆ. ಟಿವೈಕೆ2 ಅಂತ ಒಂದು ಜೀನ್. ಅದರಲ್ಲಿ ಒಂದು ನಿರ್ದಿಷ್ಟ ಬದಲಾವಣೆಯ ಎರಡೂ ಪ್ರತಿ ಇರುವವರು ಯೂರೋಪ್ ಮೂಲದವರಲ್ಲಿ ಸುಮಾರು 600ಕ್ಕೆ ಒಬ್ಬರು ಸಿಗುತ್ತಾರೆ, ಮತ್ತು ಅವರಿಗೆ ಟಿಬಿಯ ಅಪಾಯ ಜಾಸ್ತಿ ಅಂತ 2018ರಿಂದೀಚೆಗೆ ಗೊತ್ತಾಗಿದೆ. ಇದು ಪಶ್ಚಿಮ ಯುರೇಷಿಯಾದಲ್ಲಿ ಸುಮಾರು 30,000 ವರ್ಷಗಳ ಹಿಂದೆ ಹುಟ್ಟಿದ್ದು. ಸಾವಿರಕ್ಕೂ ಹೆಚ್ಚು ಪ್ರಾಚೀನ ಯೂರೋಪಿಯನ್ನರ ಡಿಎನ್‌ಎ ನೋಡಿದಾಗ, ಕಳೆದ 2,000 ವರ್ಷಗಳಲ್ಲಿ ಇದು ಜನರಲ್ಲಿ ಸರ್ರನೆ ಕಡಿಮೆಯಾಗುತ್ತಾ ಬಂದಿರುವುದು ಕಂಡಿತು. ಕಾರಣ ಟಿಬಿಯೇ ಇರಬೇಕು, ಈ ಜೀನ್ ಹೊತ್ತವರು ಮಕ್ಕಳಾಗುವ ಮುಂಚೆಯೇ ಹೋಗುತ್ತಿದ್ದಿರಬೇಕು. ಇದೇ ಬದಲಾವಣೆ ಸೋರಿಯಾಸಿಸ್, ರುಮಟಾಯ್ಡ್ ಸಂಧಿವಾತದಂಥ, ದೇಹ ತನ್ನನ್ನೇ ಕಚ್ಚಿಕೊಳ್ಳುವ ಕಾಯಿಲೆಗಳಿಂದ ಕಾಪಾಡುತ್ತದೆ. ಒಂದು ಕಡೆ ನಷ್ಟ, ಇನ್ನೊಂದು ಕಡೆ ಲಾಭ. ನಮ್ಮಲ್ಲಿ ಇದು ಬಹಳ ಕಡಿಮೆ, ಹಾಗಾಗಿ ನಿಮ್ಮ ಮನೆಗೆ ಇದನ್ನು ಅಂಟಿಸುವುದು ಬೇಡ.

ಇದರ ಜೊತೆಗೇ ಒಂದು ಕೆಲಸಕ್ಕೆ ಬರುವ ಮಾತು ಹೇಳಿಬಿಡುತ್ತೇನೆ. ಟಿಎನ್‌ಎಫ್ ಅಂತ ಇನ್ನೊಂದು ಸಂದೇಶ ಇದೆ, ಟಿಬಿಯನ್ನು ಕೂಡಿಹಾಕುವುದರಲ್ಲಿ ಅದಕ್ಕೆ ದೊಡ್ಡ ಪಾತ್ರ. 2024ರಲ್ಲಿ ಕೊಲಂಬಿಯಾ ದೇಶದ ಒಂದು ಕುಟುಂಬದ ಇಬ್ಬರಲ್ಲಿ ಅದನ್ನು ತಯಾರಿಸುವ ಜೀನೇ ಕೆಲಸ ಮಾಡದೆ ಇದ್ದದ್ದು ಪತ್ತೆಯಾಯಿತು. ಅವರಿಗೆ ಬೇರೆ ಯಾವ ಸೋಂಕೂ ಅಷ್ಟಾಗಿ ಕಾಡಿರಲಿಲ್ಲ, ಟಿಬಿ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಇದೇ ಟಿಎನ್‌ಎಫ್ ಅನ್ನು ತಡೆಯುವ ಇಂಜೆಕ್ಷನ್‌ಗಳನ್ನು ಸಂಧಿವಾತಕ್ಕೆ, ಕರುಳಿನ ಕೆಲವು ಕಾಯಿಲೆಗೆ ಕೊಡುತ್ತಾರೆ. ಕೊಡುವ ಮುಂಚೆ ಮಲಗಿರುವ ಟಿಬಿ ಇದೆಯಾ ಅಂತ ಪರೀಕ್ಷೆ ಮಾಡುವುದು ಇದಕ್ಕೇ. ನಿಮ್ಮ ಮನೆಯಲ್ಲಿ ಯಾರಿಗಾದರೂ ಮುಂದೆ ಅಂಥ ಇಂಜೆಕ್ಷನ್ ಶುರು ಮಾಡಬೇಕಾಗಿ ಬಂದರೆ 'ಮನೆಯಲ್ಲಿ ಟಿಬಿ ಇತ್ತು' ಅಂತ ಮರೆಯದೆ ಹೇಳಿ.

ಇನ್ನು ಸಾಧಾರಣ ಜನರಲ್ಲಿ ಸಣ್ಣಪುಟ್ಟ ಜೀನ್ ವ್ಯತ್ಯಾಸಗಳು. ಇದರ ಹಿಂದೆ ವಿಜ್ಞಾನಿಗಳು ಮೂವತ್ತು ನಲವತ್ತು ವರ್ಷ ಓಡಿದ್ದಾರೆ. ಇಲಿಗಳಲ್ಲಿ ಕೆಲವು ತಳಿ ಬಿಸಿಜಿ ರೋಗಾಣುವನ್ನು ಸುಲಭವಾಗಿ ತಡೆಯುತ್ತವೆ, ಕೆಲವು ತಡೆಯುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನವರು 1993ರಲ್ಲಿ ಅದಕ್ಕೆ ಕಾರಣವಾದ ಜೀನ್ ಹಿಡಿದರು, ಎನ್‌ರ್‍ಯಾಂಪ್1 ಅಂತ ಹೆಸರು. ರೋಗಾಣು ಕೂತ ಚೀಲದಿಂದ ಕಬ್ಬಿಣ, ಮ್ಯಾಂಗನೀಸ್ ಹೊರಗೆ ಹಾಕಿ ಅದನ್ನು ಉಪವಾಸ ಕೆಡವುವುದು ಇದರ ಕೆಲಸ. 1998ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಇದೇ ಜೀನ್‌ನ ಎರಡು ಬದಲಾವಣೆ ಒಟ್ಟಿಗೆ ಇದ್ದವರಿಗೆ ಟಿಬಿ ಅಪಾಯ ಸುಮಾರು ನಾಲ್ಕು ಪಟ್ಟು ಕಂಡಿತು. ಎಲ್ಲರಿಗೂ ಖುಷಿ. ಬೇರೆ ದೇಶಗಳಲ್ಲಿ ನೋಡಿದರೆ ಕೆಲವು ಕಡೆ ಹೌದು, ಕೆಲವು ಕಡೆ ಇಲ್ಲ. ವಿಟಮಿನ್ ಡಿ ರಿಸೆಪ್ಟರ್ ಜೀನ್‌ನ ಕತೆಯೂ ಇದೇ. ಚೆನ್ನೈನ ಕ್ಷಯ ಸಂಶೋಧನಾ ಕೇಂದ್ರ ಮತ್ತು ಮಧುರೈ ಕಾಮರಾಜ್ ವಿಶ್ವವಿದ್ಯಾಲಯದವರು ದಕ್ಷಿಣ ಭಾರತದ ರೋಗಿಗಳಲ್ಲಿ ಎಚ್‌ಎಲ್‌ಎ ಗುಂಪಿನ ಜೀನ್‌ಗಳನ್ನು ನೋಡಿ, ಡಿಆರ್2 ಅನ್ನುವ ಬಗೆ ಇರುವವರಲ್ಲಿ ಶ್ವಾಸಕೋಶದ ಟಿಬಿ ಸ್ವಲ್ಪ ಜಾಸ್ತಿ ಅಂತ ತೋರಿಸಿದರು. ಎಚ್‌ಎಲ್‌ಎ ಅಂದರೆ ರೋಗಾಣುವಿನ ಚೂರುಗಳನ್ನು ಟಿ ಕೋಶಗಳ ಮುಂದೆ ಹಿಡಿದು ತೋರಿಸುವ ಪ್ರೋಟೀನ್‌ಗಳು, ಕಿಡ್ನಿ ಕಸಿ ಮಾಡುವಾಗ ಹೊಂದಾಣಿಕೆ ನೋಡುತ್ತಾರಲ್ಲ, ಅವೇ.

ಆಮೇಲೆ ಇಡೀ ಜೀನೋಮ್, ಅಂದರೆ ಒಬ್ಬರ ಅಷ್ಟೂ ಡಿಎನ್‌ಎ, ಜಾಲಾಡುವ ದೊಡ್ಡ ಅಧ್ಯಯನಗಳು ಬಂದವು. ಘಾನಾದವರಲ್ಲಿ ಜೀನೋಮ್‌ನ ಒಂದು ಜಾಗ ಸಿಕ್ಕಿತು, ರಷ್ಯಾದಲ್ಲಿ ಇನ್ನೊಂದು, ಐಸ್‌ಲ್ಯಾಂಡಿನಲ್ಲಿ ಎಚ್‌ಎಲ್‌ಎ. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. 2024ರಲ್ಲಿ ಆಫ್ರಿಕಾ, ಏಷ್ಯಾ, ಯೂರೋಪ್ ಎಲ್ಲ ಸೇರಿಸಿ 14,000ಕ್ಕೂ ಹೆಚ್ಚು ರೋಗಿಗಳನ್ನು, ಸುಮಾರು 19,500 ಆರೋಗ್ಯವಂತರನ್ನು ಒಟ್ಟಿಗೆ ಹೋಲಿಸಿದರು. ಎಲ್ಲಾ ಜನಾಂಗಗಳನ್ನೂ ಸೇರಿಸಿ ನೋಡಿದಾಗ ಗಟ್ಟಿಯಾಗಿ ನಿಂತದ್ದು ಒಂದೇ ಒಂದು ಜಾಗ, ಎಚ್‌ಎಲ್‌ಎ. ಇಷ್ಟು ಜನರನ್ನು ಜಾಲಿಸಿ ಒಂದೇ ಸಿಗುತ್ತದೆ ಅಂದರೆ ಅರ್ಥ ಏನು? ಟಿಬಿಗೆ ಅಂತ ಒಂದು ಜೀನ್ ಇಲ್ಲ. ನೂರಾರು ಜೀನ್‌ಗಳು ಚೂರು ಚೂರು ತಳ್ಳುತ್ತವೆ, ಎಳೆಯುತ್ತವೆ, ಒಬ್ಬೊಬ್ಬರಲ್ಲಿ ಒಂದೊಂದು ಥರ.

ಇದರ ಮೇಲೆ ರೋಗಾಣುವಿನಲ್ಲೂ ವಂಶಗಳಿವೆ. ನಮ್ಮ ದಕ್ಷಿಣ ಭಾರತದಲ್ಲಿ ಹೆಚ್ಚಾಗಿರುವ ಬಗೆ ಒಂದು, ಉತ್ತರದಲ್ಲಿ ಇನ್ನೊಂದು, ಚೀನಾ ಕಡೆ ಮತ್ತೊಂದು. ಒಂದು ಬಗೆಯ ರೋಗಾಣು ಬಂದಾಗ ತೊಂದರೆ ಕೊಡುವ ಜೀನ್ ಇನ್ನೊಂದು ಬಗೆ ಬಂದಾಗ ಲೆಕ್ಕಕ್ಕೇ ಇರುವುದಿಲ್ಲ. ಇನ್ನೂ ಒಂದು ತೊಡಕು ಇದೆ. ದೇಹದ ಪ್ರತಿರೋಧ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳುತ್ತೇವೆ, ಅಲ್ವಾ? ಟಿಬಿ ವಿಜ್ಞಾನಿ ಲಲಿತಾ ರಾಮಕೃಷ್ಣನ್ ಅವರ ತಂಡ 2010ರಲ್ಲಿ ಜೀಬ್ರಾ ಮೀನಿನಲ್ಲಿ ಒಂದು ಜೀನ್ ತೋರಿಸಿತು. ಅದರಿಂದ ಉರಿಯೂತ ಕಡಿಮೆಯಾದರೂ ಮೀನು ಸೋಲುತ್ತಿತ್ತು, ಜಾಸ್ತಿಯಾದರೂ ಸೋಲುತ್ತಿತ್ತು. ವಿಯೆಟ್ನಾಂನ ಮೆದುಳುಪೊರೆಯ ಟಿಬಿ ರೋಗಿಗಳಲ್ಲಿ ಇದಕ್ಕೆ ಹೊಂದುವ ಫಲಿತಾಂಶ ಬಂತು, ಯಾರಿಗೆ ಉರಿಯೂತ ಇಳಿಸುವ ಸ್ಟೀರಾಯ್ಡ್ ಕೊಟ್ಟರೆ ಉಪಯೋಗ ಅನ್ನುವುದನ್ನೂ ಜೀನ್ ನೋಡಿ ಹೇಳಬಹುದು ಅಂದರು. ರಷ್ಯಾದಲ್ಲಿ 9,000ಕ್ಕೂ ಹೆಚ್ಚು ಜನರಲ್ಲಿ ಶ್ವಾಸಕೋಶದ ಟಿಬಿಗೆ ಇದೇ ಜೀನ್ ನೋಡಿದರೆ ಏನೂ ಕಾಣಲಿಲ್ಲ, ಇಂಡೋನೇಷ್ಯಾದ ಮೆದುಳುಪೊರೆ ರೋಗಿಗಳಲ್ಲೂ ಹೊಂದಲಿಲ್ಲ. ನನಗೆ ಈ ಕೆಲಸ ಬಹಳ ಇಷ್ಟ, ಟಿಬಿಯನ್ನು ನೋಡುವ ಕಣ್ಣನ್ನೇ ಅದು ಬದಲಿಸಿತು. ಆದರೆ ಇದನ್ನು ಲ್ಯಾಬ್ ರಿಪೋರ್ಟ್ ಮಾಡಿ ನಿಮ್ಮ ಕೈಗೆ ಕೊಟ್ಟು ದುಡ್ಡು ತಗೊಳ್ಳುವವರು ಇದ್ದರೆ ಅದು ಮೋಸ.

ಹಾಗಾದರೆ ನಿಮ್ಮ ಮನೆಯಲ್ಲಿ ಮೂವರಿಗೆ ಯಾಕೆ ಬಂತು? ನೀವು ಬರೆದಷ್ಟರಲ್ಲಿ ನನಗೆ ಕಾಣುವುದು ಹೀಗೆ.

ತಾತನ ಕಾಲದಲ್ಲಿ ಟಿಬಿ ಸಾಮಾನ್ಯವಾಗಿತ್ತು, ಔಷಧ ಹಳ್ಳಿಗೆ ಬಂದಿರಲಿಲ್ಲ ಅಥವಾ ಆಗಷ್ಟೇ ಬರುತ್ತಿತ್ತು. ಈಗಲೂ ಚಿಕಿತ್ಸೆಯ ಆಧಾರವಾಗಿರುವ ಐಸೋನಯಾಜಿಡ್ ಬಳಕೆಗೆ ಬಂದದ್ದೇ 1952ರಲ್ಲಿ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ 1963ರಲ್ಲಿ ಹೊರಬಂತು. ಟಿಬಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಯಾವುದೋ ಆಸ್ಪತ್ರೆಗೆ ಹೋಗಿ ಬಂದಿದ್ದರು. ಜನ ಅಸಡ್ಡೆ ಮಾಡುತ್ತಾರೆ ಅನ್ನುವ ಮಾತು ಸುಳ್ಳಾಯಿತು. ಹೋದವರಿಗೆ ಕೆಮ್ಮಿನ ಸಿರಪ್ ಕೊಟ್ಟು ಕಳಿಸುತ್ತಿದ್ದರು, ಅಷ್ಟೇ. ಹೀಗೆ ಪತ್ತೆಯಾಗದೆ ತಿಂಗಳುಗಟ್ಟಲೆ ಕೆಮ್ಮುತ್ತಾ ಮನೆಯಲ್ಲಿದ್ದ ತಾತನ ಪಕ್ಕದಲ್ಲಿ ಬೆಳೆದವರು ನಿಮ್ಮ ದೊಡ್ಡಪ್ಪ. ಚಿಕ್ಕಂದಿನಲ್ಲಿ ಹೊಕ್ಕ ರೋಗಾಣು ಎಷ್ಟೋ ವರ್ಷ ಮಲಗಿದ್ದು, ದೇಹ ಸೋತಾಗ ಏಳಬಹುದು. ಜೀನ್ ಬೇಕಿಲ್ಲ ಇದಕ್ಕೆ.

ಅಣ್ಣನಿಗೆ ದೊಡ್ಡಪ್ಪನಿಂದ ಬಂದಿರಬಹುದು, ಬೆಂಗಳೂರಿನಲ್ಲೇ ಹೊಸದಾಗಿ ತಗುಲಿರಬಹುದು. ಕಿಟಕಿ ಮುಚ್ಚಿದ ರೂಮು, ನಾಲ್ಕು ಜನ, ಹತ್ತು ಹನ್ನೆರಡು ತಾಸು ಕೆಲಸ, ರಾತ್ರಿ ಟೀ ಬನ್ನಿನಲ್ಲಿ ಮುಗಿಯುವ ಊಟ. ಜೀನ್ ತಳ್ಳುವ ತಳ್ಳಿನ ಪಕ್ಕದಲ್ಲಿ ಉಳಿದವನ್ನು ಇಟ್ಟು ನೋಡಿ. ಸಕ್ಕರೆ ಕಾಯಿಲೆ ಇದ್ದರೆ ಟಿಬಿ ಅಪಾಯ ಎರಡು ಮೂರು ಪಟ್ಟು. ಬೀಡಿ ಸಿಗರೇಟು ಸೇದಿದರೆ ಹತ್ತಿರಹತ್ತಿರ ಎರಡು ಪಟ್ಟು. ಕುಡಿತ ವಿಪರೀತವಾದರೆ ಸುಮಾರು ಮೂರು ಪಟ್ಟು. ಎಚ್‌ಐವಿ ಇದ್ದರೆ ಹತ್ತು ಪಟ್ಟಿಗೂ ಹೆಚ್ಚು. ಕಲ್ಲಿನ ಧೂಳು ಕುಡಿದ ಶ್ವಾಸಕೋಶಕ್ಕೂ ಹೀಗೇ, ಕೆಜಿಎಫ್ ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಕೇಳಿ. ಅಣ್ಣನ ರಕ್ತದಲ್ಲಿ ಸಕ್ಕರೆ ನೋಡಿದ್ದಾರಾ? ಟಿಬಿ ಅಂತಾದ ಎಲ್ಲರಿಗೂ ಸಕ್ಕರೆ, ಎಚ್‌ಐವಿ ಎರಡೂ ನೋಡಬೇಕು ಅನ್ನುವುದು ಸರ್ಕಾರಿ ಕಾರ್ಯಕ್ರಮದ ನಿಯಮವೇ, ನೋಡದಿದ್ದರೆ ಕೇಳಿ ಮಾಡಿಸಿ.

ಎಲ್ಲಕ್ಕಿಂತ ದೊಡ್ಡದು ಊಟ. ಮೊದಲು ಮೊಟ್ಟೆ, ಬೇಳೆ ಅಂದಿದ್ದೆನಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ, ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಒಂದು ಪ್ರಯೋಗ ಮಾಡಿದರು, 2023ರಲ್ಲಿ ಪ್ರಕಟವಾಯಿತು. 2,800 ರೋಗಿಗಳು, ಅವರ ಮನೆಯ 10,345 ಜನ. ಮನೆಯವರಲ್ಲಿ ಒಂದು ಗುಂಪಿನ ದೊಡ್ಡವರಿಗೆ ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ತೊಗರಿಬೇಳೆ, ವಿಟಮಿನ್ ಮಾತ್ರೆ ಕೊಟ್ಟರು. ಇನ್ನೊಂದು ಗುಂಪಿನ ಮನೆಯವರಿಗೆ ಕೊಡಲಿಲ್ಲ. ರೇಷನ್ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಕಫದಲ್ಲಿ ರೋಗಾಣು ಸಿಗುವ ಶ್ವಾಸಕೋಶದ ಟಿಬಿ 48ರಷ್ಟು ಕಡಿಮೆ. ಅವರ ಜೀನ್ ಯಾರೂ ಮುಟ್ಟಲಿಲ್ಲ. ರೋಗಿಗಳಲ್ಲೂ ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ 61ರಷ್ಟು ಕಡಿಮೆ ಇತ್ತು. ಅಣ್ಣನ ತೂಕ ಎಷ್ಟು ಏರಿದೆ, ಕೇಳಿ ನೋಡಿ. ಏರಿಲ್ಲ ಅಂದರೆ ಅದೇ ಮೊದಲು ಡಾಕ್ಟರ್ ಮುಂದೆ ಹೇಳಬೇಕಾದ ವಿಷಯ. ರೋಗಿಯ ಖಾತೆಗೆ, ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ದುಡ್ಡು ತಿಂಗಳಿಗೆ 1,000 ರೂಪಾಯಿ ಬರಬೇಕು, ಬಂದಿದೆಯಾ ಅಂತಲೂ ನೋಡಿಕೊಳ್ಳಿ.

ಜೀನ್ ಬಗ್ಗೆ ಇಷ್ಟು ಕಡೆಗಣಿಸಿ ಬರೆದವನು ಒಂದು ಕಡೆ ಮಾತ್ರ ನಿಮ್ಮ ಅಣ್ಣನ ಜೀನ್ ಮೇಲೆ ಕಣ್ಣಿಡುತ್ತೇನೆ. ಅದು ಟಿಬಿ ಬರುವುದಕ್ಕೆ ಸಂಬಂಧಪಟ್ಟದ್ದಲ್ಲ, ಮಾತ್ರೆಗೆ ಸಂಬಂಧಪಟ್ಟದ್ದು. ಐಸೋನಯಾಜಿಡ್ ಅನ್ನು ಲಿವರ್ ಒಡೆದು ಹೊರಹಾಕುವ ವೇಗವನ್ನು ಎನ್‌ಎಟಿ2 ಅನ್ನುವ ಜೀನ್ ತೀರ್ಮಾನಿಸುತ್ತದೆ. ಕೆಲವರಲ್ಲಿ ಬೇಗ, ಕೆಲವರಲ್ಲಿ ನಿಧಾನ. ಜಪಾನಿನಲ್ಲಿ ನಿಧಾನದವರು ಕಡಿಮೆ, ನಮ್ಮ ದಕ್ಷಿಣ ಭಾರತದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಿಧಾನದವರು. ಅವರ ರಕ್ತದಲ್ಲಿ ಔಷಧ ಜಾಸ್ತಿ ಹೊತ್ತು ಉಳಿಯುತ್ತದೆ, ಲಿವರ್‌ಗೆ ಪೆಟ್ಟು ಬೀಳುವ, ಕೈಕಾಲು ಜುಮ್ಮೆನ್ನುವ ಸಂಭವ ಅವರಿಗೆ ಹೆಚ್ಚು. ಟಿಬಿ ಮಾತ್ರೆಯ ಜೊತೆ ಬಿ6 ಅಂದರೆ ಪಿರಿಡಾಕ್ಸಿನ್ ಕೊಡುವುದು ಈ ಜುಮ್ಮು ತಡೆಯುವುದಕ್ಕೆ. ಜಪಾನಿನಲ್ಲಿ 2013ರಲ್ಲಿ ಜೀನ್ ನೋಡಿ ಡೋಸ್ ಹೊಂದಿಸಿದಾಗ ನಿಧಾನದವರಲ್ಲಿ ಲಿವರ್ ತೊಂದರೆ ತಪ್ಪಿತು. ನಮ್ಮಲ್ಲಿ ಹಾಗೆ ನೋಡಿ ಕೊಡುವ ಪದ್ಧತಿ ಇಲ್ಲ, ತೂಕ ನೋಡಿ ಕೊಡುತ್ತೇವೆ. ಹಾಗಾಗಿ ಅಣ್ಣನಿಗೆ ವಾಕರಿಕೆ ಜಾಸ್ತಿಯಾದರೆ, ಊಟ ಸೇರದಿದ್ದರೆ, ಕಣ್ಣು ಹಳದಿ ಅನ್ನಿಸಿದರೆ, ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾರನೇ ದಿನಕ್ಕೆ ಮುಂದೂಡದೆ ಹೋಗಿ ಲಿವರ್ ಟೆಸ್ಟ್ ಮಾಡಿಸಲಿ. ಮೂತ್ರ ಕಿತ್ತಳೆ ಬಣ್ಣ ಬರುವುದು ಮಾತ್ರ ರಿಫಾಂಪಿಸಿನ್ ಅನ್ನುವ ಇನ್ನೊಂದು ಟಿಬಿ ಔಷಧದಿಂದ, ಅದು ಮಾಮೂಲಿ. ತಾನಾಗಿಯೇ ಮಾತ್ರೆ ನಿಲ್ಲಿಸುವುದು ಬೇಡ.

ಈಗ ನೀವು ಮತ್ತು ತಂಗಿ. ಅಣ್ಣ ರೋಗ ಪತ್ತೆಯಾಗುವ ಮುಂಚೆ ಊರಿಗೆ ಬಂದು ನಿಮ್ಮ ಜೊತೆ ಇದ್ದರೆ ನೀವೂ ಮನೆಯ ಸಂಪರ್ಕದವರೇ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಇಲ್ಲ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಕೆಮ್ಮು, ಜ್ವರ, ತೂಕ ಇಳಿತ ಇದ್ದರೆ ಕಫ ಪರೀಕ್ಷೆ, ಜೊತೆಗೆ ಎದೆಯ ಎಕ್ಸ್‌ರೇ. ಕಾಯಿಲೆ ಇಲ್ಲ ಅಂತ ಖಚಿತವಾದರೆ ಮುಂದೆ ಬರದ ಹಾಗೆ ತಡೆಯುವ ಮಾತ್ರೆ ಕೊಡುತ್ತಾರೆ, ದಿನಾ ಒಂದರಂತೆ ಆರು ತಿಂಗಳು ಅಥವಾ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ. ಅಪಾಯ ಕಡಿಮೆ ಮಾಡುವ ವಿಷಯದಲ್ಲಿ ಯಾವ ಜೀನ್ ರಿಪೋರ್ಟ್‌ಗೂ ಈ ಮಾತ್ರೆಯ ಯೋಗ್ಯತೆ ಇಲ್ಲ.

ಅಣ್ಣನನ್ನು ಮನೆಗೆ ಕರೆಸಿಕೊಳ್ಳಲು ಹೆದರುತ್ತಿದ್ದರೆ ಅದೂ ಬೇಡ. 1956ರಿಂದ 59ರವರೆಗೆ ಮದ್ರಾಸಿನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಬಡ ರೋಗಿಗಳಲ್ಲಿ ಅರ್ಧ ಜನರನ್ನು ಸ್ಯಾನಿಟೋರಿಯಂಗೆ, ಅಂದರೆ ಟಿಬಿ ಆಸ್ಪತ್ರೆಗೆ ಸೇರಿಸಿದರು, ಅರ್ಧ ಜನರಿಗೆ ಇಕ್ಕಟ್ಟಾದ ಮನೆಯಲ್ಲೇ ಇಟ್ಟು ಅದೇ ಔಷಧ ಕೊಟ್ಟರು. ಮನೆಯಲ್ಲಿದ್ದವರ ಕುಟುಂಬಕ್ಕೆ ಟಿಬಿ ಹೆಚ್ಚಾಗಿ ಹರಡಲಿಲ್ಲ. ಹರಡುವುದು ಬಹುಪಾಲು ಔಷಧ ಶುರುವಾಗುವ ಮುಂಚೆ. ಎರಡು ತಿಂಗಳು ತಪ್ಪದೆ ಮಾತ್ರೆ ತಗೊಂಡ ನಿಮ್ಮ ಅಣ್ಣ, ಔಷಧ ನಾಟುತ್ತಿದೆ, ಕಫದಲ್ಲಿ ರೋಗಾಣು ಇಲ್ಲ ಅಂತ ಎರಡನೇ ತಿಂಗಳ ಪರೀಕ್ಷೆಯಲ್ಲಿ ಬಂದಿದ್ದರೆ, ಮನೆಯಲ್ಲಿ ಎಲ್ಲರ ಜೊತೆ ಕೂತು ಊಟ ಮಾಡಬಹುದು. ತಟ್ಟೆ ಲೋಟ ಬೇರೆ ಇಡುವ ಅಗತ್ಯ ಮೊದಲೂ ಇರಲಿಲ್ಲ.

ಮದುವೆ ವಿಷಯ. ಗಂಡಿನ ಕಡೆಯವರು ಕೇಳಿದರೆ ಅಣ್ಣನಿಗೆ ಟಿಬಿ ಬಂದಿತ್ತು, ಔಷಧ ನಡೆಯುತ್ತಿದೆ ಅಂತ ನೇರವಾಗಿ ಹೇಳಿ. 'ವಂಶದಲ್ಲಿದೆಯಾ' ಅಂತ ಮರುಪ್ರಶ್ನೆ ಬಂದರೆ, ಅಣ್ಣನಿಂದ ತಂಗಿಯ ಮೂಲಕ ಮಕ್ಕಳಿಗೆ ದಾಟುವ ಕಾಯಿಲೆ ಇದಲ್ಲ ಅಂತ ಹೇಳಬಹುದು, ಅದು ನಿಜ. ಆದರೆ ಗಂಡು ಹತ್ತಿರದ ಸಂಬಂಧದವನೇ ಆಗಿದ್ದು, ಎರಡೂ ಕಡೆ ಹಸುಗೂಸುಗಳು ಸೋಂಕಿನಿಂದ ಹೋದ ಇತಿಹಾಸ ಇದ್ದರೆ, ಆಗ ಒಮ್ಮೆ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರ ಹತ್ತಿರ ಹೋಗಿ. ಅದಕ್ಕೆ ಕಾರಣ ಅಣ್ಣನ ಟಿಬಿ ಅಲ್ಲ. ತೀರಿಹೋದ ಆ ಮಕ್ಕಳ ವಯಸ್ಸು, ಲಸಿಕೆ ಹಾಕಿದ ಮೇಲೆ ಏನಾಯಿತು, ಯಾವ ಆಸ್ಪತ್ರೆಯಲ್ಲಿ ತೋರಿಸಿದ್ದರು, ಹಳೆಯ ಚೀಟಿ ಏನಾದರೂ ಉಳಿದಿದ್ದರೆ ಅದು, ಇಷ್ಟನ್ನು ಬರೆದುಕೊಂಡು ಹೋದರೆ ಅವರಿಗೆ ಸುಲಭ.